ಗಾಳಿ ಗಿರಣಿಗೆ ರಾಗಿ ಹೊತ್ತು ಹೋದದ್ದು

ಅಮೆರಿಕಕ್ಕೆ ಹೋಗಿ ಬಂದವರು ಅಲ್ಲಿ ಏನೇನು ನೋಡಿದರೆಂದು ಬರೆಯಬೇಕಂತೆ. ಸ್ಯಾನ್ ಫ್ರಾನ್ಸಿಸ್ಕೋದ ಆ ಕೆಂಪು ಸೇತುವೆಯನ್ನು ನಾನು ನೋಡಲಿಲ್ಲ. ನಾವು ಹೋದ ದಿನ ಅದು ಮಂಜಿನೊಳಗಿತ್ತು. ಟ್ಯುಲಿಪ್ ಹೂವನ್ನೂ ನೋಡಲಿಲ್ಲ, ಅದರ ಕಾಲ ಮುಗಿದಿತ್ತು. ನಾನು ಕಣ್ತುಂಬ ನೋಡಿದ್ದು ಒಂದು ಗಿರಣಿ. ಮಂಡ್ಯದಲ್ಲಿ ಮೂವತ್ತು ವರ್ಷದಿಂದ ಹಿಟ್ಟಿನ ಗಿರಣಿಯಲ್ಲೇ ಕೂತಿರುವವಳು ಸಮುದ್ರ ದಾಟಿ ಹೋಗಿ ಗಿರಣಿ ನೋಡಿಕೊಂಡು ಬಂದಳು ಎಂದು ನಮ್ಮ ಯಜಮಾನರು ಈಗಲೂ ಗಿರಾಕಿಗಳ ಮುಂದೆ ಹೇಳಿ ನಗುತ್ತಾರೆ. ನಗಲಿ.

ನಿಜವಾಗಿ ಹೋಗಬೇಕಾಗಿದ್ದವಳು ನನ್ನ ತಂಗಿ ವಿಮಲ. ಅವಳ ಮಗಳು ದಿವ್ಯಾ ಇರುವುದು ಅಲ್ಲಿ, ದಿವ್ಯಾಳ ಮಗುವಿಗೆ ಅನ್ನಪ್ರಾಶನ ಇದ್ದದ್ದೂ ಅಲ್ಲಿ. ವೀಸಾ ಕೊಡುವ ಕಡೆ ವಿಮಲಳನ್ನು ಒಂದೆರಡು ಪ್ರಶ್ನೆ ಕೇಳಿ, ನಗುನಗುತ್ತಲೇ ಆಗುವುದಿಲ್ಲ ಎಂದರು. ನನ್ನನ್ನೂ ಅವೇ ಪ್ರಶ್ನೆ ಕೇಳಿದರು. ಏನು ಕೆಲಸ ಎಂದಾಗ ಹಿಟ್ಟು ಬೀಸುತ್ತೇನೆ ಎಂದೆ. ಕೊಟ್ಟುಬಿಟ್ಟರು. ಸ್ವಂತ ಅಜ್ಜಿಗೆ ಇಲ್ಲ, ದೊಡ್ಡಜ್ಜಿಗೆ ಇದೆ. ಇದು ಯಾವ ನ್ಯಾಯವೋ ನನಗೆ ಇವತ್ತಿಗೂ ತಿಳಿದಿಲ್ಲ.

ವಿಮಲ ಅತ್ತಳು. ಅತ್ತು, ಮೂಗು ಒರೆಸಿಕೊಂಡು ಹೇಳಿದಳು: "ಅಕ್ಕ, ಬೇರೆ ಏನಾದ್ರೂ ಅವ್ರು ಮಾಡ್ಕೊಳ್ಲಿ. ರಾಗಿ ಸರಿ ಮಾತ್ರ ನಿನ್ ಕೈಯಲ್ಲೇ ಆಗ್ಬೇಕು. ದಿವ್ಯಾ ಬೆಳೆದಿದ್ದೂ ನಿನ್ ಗಿರಣಿ ಸರೀಲೇ."

ಅನ್ನಪ್ರಾಶನದ ದಿನ ನಮ್ಮಲ್ಲಿ ಪಾಯಸವನ್ನು ಮಗುವಿನ ನಾಲಿಗೆಗೆ ಮುಟ್ಟಿಸುವುದು ಶಾಸ್ತ್ರಕ್ಕೆ. ಹೊಟ್ಟೆ ತುಂಬಿಸುವುದು ರಾಗಿ ಸರಿ. ನಮ್ಮ ಬೀದಿಯಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಸರಿ ಹಿಟ್ಟು ಬೀಸಿಕೊಟ್ಟವಳು ನಾನು. ಈಗ ನನ್ನ ಮನೆಯದೇ ಕೂಸಿಗೆ ಬೀಸದಿದ್ದರೆ ಹೇಗೆ? ತಂಗಿಗೆ ಮಾತು ಕೊಟ್ಟು ವಿಮಾನ ಹತ್ತಿದೆ.

ಯೂನಿಯನ್ ಸಿಟಿ: ಬಾಲ್ಕನಿ

ದಿವ್ಯಾಳ ಮನೆ ಯೂನಿಯನ್ ಸಿಟಿಯ ಒಂದು ಅಪಾರ್ಟ್‌ಮೆಂಟಿನ ಮೊದಲ ಮಹಡಿಯಲ್ಲಿ. ಆ ಊರಿನಲ್ಲಿ ಹಗಲು ಹೊತ್ತು ಬೀದಿಯಲ್ಲಿ ಜನವೇ ಇರುವುದಿಲ್ಲ. ಮೊದಲ ದಿನ ಯಾರೋ ದೊಡ್ಡವರು ತೀರಿಕೊಂಡು ರಜೆ ಕೊಟ್ಟಿದ್ದಾರೆ ಎಂದುಕೊಂಡೆ. ಆಮೇಲೆ ಎಲ್ಲ ದಿನವೂ ಹಾಗೇ ಎಂದು ಗೊತ್ತಾಯಿತು.

ರಾಗಿಯನ್ನು ಅಲ್ಲಿಯ ಇಂಡಿಯನ್ ಗ್ರೋಸರಿಯಲ್ಲೇ ಕೊಂಡೆವು. ತೊಳೆದು, ನೆನೆಸಿ, ದಿವ್ಯಾಳ ಗಂಡ ಕಿರಣನ ಬಿಳಿ ಪಂಚೆಯಲ್ಲಿ ಗಂಟು ಕಟ್ಟಿಟ್ಟೆ. ಆ ಚಳಿಗೆ ಮೊಳಕೆ ಬರುವುದೇ ಇಲ್ಲವೆಂದು ಹೆದರಿದ್ದೆ, ಬಂತು. ಬಾಲ್ಕನಿಯಲ್ಲಿ ಹರಡಿ ಒಣಗಿಸಿ, ಘಮ್ಮೆನ್ನುವ ಹಾಗೆ ಹುರಿದು, ಅಂಗೈಯಲ್ಲಿ ಉಜ್ಜಿ ಮೊಳಕೆ ಉದುರಿಸಿದೆ. ಇಷ್ಟಾದ ಮೇಲೆ ಉಳಿದದ್ದು ಬೀಸುವ ಕೆಲಸ ಒಂದೇ.

"ಮಿಕ್ಸಿ ಎಲ್ಲವ್ವ?" ಎಂದೆ.

ದಿವ್ಯಾ ತೆಗೆದುಕೊಟ್ಟದ್ದು ಹಣ್ಣಿನ ರಸ ಮಾಡುವ ಗಾಜಿನ ಜಾರು. ರಾಗಿ ಅದರೊಳಗೆ ಭಕ್ತಿಯಿಂದ ಪ್ರದಕ್ಷಿಣೆ ಹಾಕಿತು, ಒಂದು ಕಾಳೂ ಒಡೆಯಲಿಲ್ಲ. ಇನ್ನೂ ಜೋರಾಗಿ ಇಟ್ಟೆ. ಲಾರಿ ಗೇರು ಕಿತ್ತುಹೋದಂಥ ಸದ್ದಾಯಿತು, ಅಡಿಯಿಂದ ಹೊಗೆ ಬಂತು, ಚಾವಣಿಯಲ್ಲಿದ್ದ ಹೊಗೆ ಗಂಟೆ ಕಿರುಚಿಕೊಂಡಿತು, ಮಗು ಅತ್ತಿತು. ಯಾರೋ ಬಾಗಿಲು ಬಡಿದರು.

ಬಾಗಿಲಲ್ಲಿ ಕೆಳಗಿನ ಮನೆಯ ಹೆಂಗಸು ನಿಂತಿದ್ದಳು. ಮಾರ್ತಾ ಎಂದು ಹೆಸರು, ಮೆಕ್ಸಿಕೋ ಕಡೆಯವಳು, ನನ್ನ ವಯಸ್ಸೇ ಇದ್ದೀತು. ಸೊಂಟದ ಮೇಲೆ ಕೈಯಿಟ್ಟು ಅವಳ ಭಾಷೆಯಲ್ಲಿ ಏನೋ ಅಂದಳು. ಭಾಷೆ ಬರದಿದ್ದರೂ ಬೈಗುಳ ಎಂದು ತಿಳಿಯಿತು. ನಾನೂ ಕನ್ನಡದಲ್ಲಿ ನಾಲ್ಕು ಮಾತು ಅಂದೆ. ದಿವ್ಯಾ ಇಬ್ಬರ ನಡುವೆ ನಿಂತು ಸಾರಿ ಸಾರಿ ಎಂದಳು. ಮಾರ್ತಾ ಒಳಗೆ ಇಣುಕಿ, ಹೊಗೆ ನೋಡಿ, ತಟ್ಟೆಯಲ್ಲಿದ್ದ ರಾಗಿ ನೋಡಿ, ತಲೆ ಅಲ್ಲಾಡಿಸಿ ಇಳಿದು ಹೋದಳು.

"ದೊಡ್ಡಮ್ಮ, ರೆಡಿಮೇಡ್ ಪ್ಯಾಕೆಟ್ ಸಿಗತ್ತೆ. ಆರ್ಗ್ಯಾನಿಕ್ಕು," ಎಂದಳು ದಿವ್ಯಾ.

"ನಿನ್ನನ್ನ ಪ್ಯಾಕೆಟ್‌ನಲ್ಲಿ ಸಾಕಿದ್ವೇನೇ?" ಎಂದೆ.

ಹೊಸ ಮಿಕ್ಸಿ ತರಿಸಿದರೆ ಸೋಮವಾರ ಬರುತ್ತದಂತೆ. ಅನ್ನಪ್ರಾಶನ ಇದ್ದದ್ದು ಭಾನುವಾರ ಬೆಳಿಗ್ಗೆ. ಇದು ಶುಕ್ರವಾರದ ಮಾತು. ಅವತ್ತು ವಿಮಲ ಫೋನಿನಲ್ಲಿ "ಸರಿ ಬೀಸಾಯ್ತಾ?" ಎಂದು ಕೇಳಿದಾಗ, ನಾಳೆ ಬೀಸುತ್ತೇನೆ ಎಂದೆ. ಹೇಗೆ ಬೀಸುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಸ್ಯಾನ್ ಮಟಿಯೋ ಸೇತುವೆ

ನನ್ನ ಮುಖ ನೋಡಲಾರದೆ ಕಿರಣ ಮರುದಿನ ತಿರುಗಾಟಕ್ಕೆ ಕರೆದ. ಅವನು ಬೆಂಗಳೂರಿನವನು, ಒಳ್ಳೆಯ ಹುಡುಗ. ಏನು ಕಂಡರೂ ಅದರ ಬಗ್ಗೆ ಮಾಹಿತಿ ಕೊಡುವುದೊಂದೇ ಅವನಿಗಿರುವ ಕಾಯಿಲೆ.

"ದೊಡ್ಡಮ್ಮ, ನಿಮಗೆ ಪರ್ಫೆಕ್ಟ್ ಜಾಗ ಇದೆ. ಗೋಲ್ಡನ್ ಗೇಟ್ ಪಾರ್ಕ್‌ನಲ್ಲಿ ಡಚ್ ವಿಂಡ್‌ಮಿಲ್ಲು. ಹಾಲೆಂಡ್‌ನಲ್ಲಿ ಇಂಥದ್ರಲ್ಲೇ ಗೋಧಿ ಬೀಸ್ತಾ ಇದ್ರಂತೆ. ಕರೆಂಟ್ ಇಲ್ಲ, ಡೀಸೆಲ್ ಇಲ್ಲ, ಬರೀ ಗಾಳಿ," ಎಂದು ಫೋನಿನಲ್ಲಿ ಚಿತ್ರ ತೋರಿಸಿದ.

ದೊಡ್ಡ ಗಿರಣಿ. ನಾಲ್ಕು ರೆಕ್ಕೆ. ಹಳೆಯದು ಹಾಳಾಗಿತ್ತು, ಈಚೆಗೆ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ ಎಂದೂ ಹೇಳಿದ. ಗಿರಣಿ ಎಂದ ಮೇಲೆ, ಅದನ್ನು ರಿಪೇರಿಯೂ ಮಾಡಿಸಿದ್ದಾರೆ ಎಂದ ಮೇಲೆ, ಅದು ಬೀಸದೆ ಇನ್ನೇನು ಮಾಡುತ್ತದೆ? ನಾನು ಯಾರಿಗೂ ಹೇಳದೆ ಹುರಿದ ರಾಗಿಯನ್ನು ಬಟ್ಟೆಯ ಚೀಲಕ್ಕೆ ಹಾಕಿ, ಅದರ ಮೇಲೆ ಮೊಸರನ್ನದ ಡಬ್ಬಿ ಇಟ್ಟು ಮುಚ್ಚಿದೆ. ನಮ್ಮ ಕಡೆ ಗಿರಣಿಯ ಹಾದಿಯಲ್ಲಿ ಹೋಗುವಾಗ ಯಾರೂ ಬರಿಗೈಯಲ್ಲಿ ಹೋಗುವುದಿಲ್ಲ. ಬಹಳವೆಂದರೆ ಇಲ್ಲ ಅಂದಾರು, ವೀಸಾದವರಿಗಿಂತ ಹೆಚ್ಚೇನು ಅಂದಾರು ಎಂದುಕೊಂಡೆ.

ಹಾದಿಯಲ್ಲಿ ಸ್ಯಾನ್ ಮಟಿಯೋ ಸೇತುವೆ ದಾಟಿದೆವು. ನೀರಿಗೆ ಮುಟ್ಟಿಸಿಯೇ ಕಟ್ಟಿದ್ದಾರೇನೋ ಎನ್ನುವಷ್ಟು ತಗ್ಗು, ಎಷ್ಟು ಹೋದರೂ ಮುಗಿಯದಷ್ಟು ಉದ್ದ. ಅಷ್ಟು ಕಾರುಗಳಿದ್ದವು, ಒಬ್ಬನೂ ಹಾರ್ನ್ ಹೊಡೆಯಲಿಲ್ಲ. ನನಗೆ ಜನರೆಲ್ಲ ಒಬ್ಬರ ಮೇಲೊಬ್ಬರು ಮುನಿಸಿಕೊಂಡು ಹೋಗುತ್ತಿರುವ ಹಾಗೆ ಕಂಡಿತು. ಹಿಂದಿನ ಸೀಟಿನಲ್ಲಿ ಮಗುವಿನ ಪಕ್ಕ ಕೂತಿದ್ದ ದಿವ್ಯಾ, "ದೊಡ್ಡಮ್ಮ, ಆ ಬ್ಯಾಗ್ ಯಾಕಿಷ್ಟು ಭಾರ?" ಎಂದಳು.

"ಮೊಸರನ್ನ," ಎಂದೆ.

"ಹತ್ತು ಜನಕ್ಕಾ?"

"ಸುಮ್ನಿರು."

ಉತ್ತರದ ಗಿರಣಿ

ಪಾರ್ಕು ಎಂದರೆ ನಾಲ್ಕು ಬೆಂಚು, ಒಂದು ಜಾರುಬಂಡೆ ಇರುವ ಜಾಗ ಎಂದುಕೊಂಡಿದ್ದೆ. ಇದು ಕಾಡು. ಅದರ ಪಶ್ಚಿಮದ ಕೊನೆಯಲ್ಲಿ, ಸಮುದ್ರಕ್ಕೆ ಎದುರಾಗಿ ಒಂದಲ್ಲ, ಎರಡು ಗಿರಣಿಗಳಿವೆ. ಒಂದು ಉತ್ತರಕ್ಕೆ, ಇನ್ನೊಂದು ದಕ್ಷಿಣಕ್ಕೆ.

ಉತ್ತರದ್ದರ ಮುಂದೆ ಟ್ಯುಲಿಪ್ ತೋಟ ಎಂಬ ಬೋರ್ಡು ಇತ್ತು, ಟ್ಯುಲಿಪ್ ಇರಲಿಲ್ಲ. ಬೇಸಿಗೆ ಎಂದು ಹೆಸರಿಟ್ಟುಕೊಂಡ ಆ ತಿಂಗಳಲ್ಲಿ ನಾನು ಸ್ವೆಟರಿನ ಮೇಲೆ ಕಿರಣನ ಜಾಕೆಟ್ಟು ಹಾಕಿಕೊಂಡು, ಕಿವಿಗೆ ಸೆರಗು ಬಿಗಿದು ನಿಂತಿದ್ದೆ. ಆಷಾಢದ ಗಾಳಿ ನಮ್ಮಲ್ಲಿ ಸೀರೆ ಹಾರಿಸುತ್ತದೆ. ಅಲ್ಲಿಯದು ನನ್ನನ್ನೇ ಹಾರಿಸಲು ನೋಡಿತು. ಅಷ್ಟು ಗಾಳಿಗೂ ಗಿರಣಿಯ ರೆಕ್ಕೆ ಅಲುಗಾಡಲಿಲ್ಲ.

"ಲಾಕ್ ಮಾಡಿರ್ತಾರೆ ದೊಡ್ಡಮ್ಮ, ಸೇಫ್ಟಿಗೆ," ಎಂದ ಕಿರಣ.

ಬೀಗ ಹಾಕಿದ ಗಿರಣಿಯಿಂದ ನನಗೇನಾಗಬೇಕು? ಇನ್ನೊಂದನ್ನು ನೋಡೋಣ ನಡಿ ಎಂದೆ. ಅವನಿಗೆ ನನ್ನ ಆಸಕ್ತಿ ಕಂಡು ಸಂತೋಷವಾಯಿತು.

ದಕ್ಷಿಣದ ಗಿರಣಿ

ಇದು ಮೊದಲನೆಯದಕ್ಕಿಂತ ದೊಡ್ಡದು. ನಮ್ಮ ಬಡಾವಣೆಯ ನೀರಿನ ಟ್ಯಾಂಕನ್ನು ಇದರ ಪಕ್ಕ ನಿಲ್ಲಿಸಿದರೆ ಅದು ಇದರ ಮೊಮ್ಮಗುವಿನ ಹಾಗೆ ಕಂಡೀತು. ತಲೆಯ ಮೇಲೆ ತಾಮ್ರದ ದೊಡ್ಡ ಟೋಪಿ. ರೆಕ್ಕೆಗಳು ಹೊಸದಾಗಿದ್ದವು. ನನಗೆ ಜೀವ ಬಂತು. ಮಗುವನ್ನು ಆಡಿಸುತ್ತ ದಿವ್ಯಾ, ಫೋಟೋ ತೆಗೆಯುತ್ತ ಕಿರಣ ಅಲ್ಲೇ ನಿಂತರು. ನಾನು ಚೀಲ ಹಿಡಿದು ಗಿರಣಿಯನ್ನು ಸುತ್ತು ಹಾಕಿದೆ.

ಗಿರಣಿ ಎಂದರೆ ಮುಂದೆ ಡಬ್ಬಗಳ ಸಾಲು ಇರಬೇಕು. ಜನ ಡಬ್ಬ ಇಟ್ಟು, ತರಕಾರಿ ತರಲು ಹೋಗಿ, ಬಂದು, ನಂದು ಮುಂಚೆ ಇತ್ತು ಎಂದು ಜಗಳವಾಡಬೇಕು. ತಮ್ಮ ಸರದಿ ಬಂದಾಗ ಪ್ರತಿಯೊಬ್ಬರೂ "ಮುಂಚೆ ಏನ್ ಹಾಕಿದ್ರಿ?" ಎಂದು ಕೇಳಬೇಕು. ಜೋಳದ ಹಿಂದೆ ಗೋಧಿ ಹಾಕಿದರೆ ಒಬ್ಬರಿಗೆ ಆಗದು, ಕಡಲೆಯ ಹಿಂದೆ ಅಕ್ಕಿ ಹಾಕಿದರೆ ಇನ್ನೊಬ್ಬರಿಗೆ ಆಗದು. ಮೆಷಿನ್ನಿನಲ್ಲಿ ಹಿಂದಿನವರ ಹಿಟ್ಟು ಒಂದು ಹಿಡಿ ಉಳಿದೇ ಉಳಿಯುತ್ತದೆ, ಅದಕ್ಕೆ ನಾನೇನು ಮಾಡಲಿ? ಮೂವತ್ತು ವರ್ಷದಿಂದ ಆ ಪ್ರಶ್ನೆ ಕೇಳಿ ಕೇಳಿ ನನ್ನ ತಲೆ ಕೆಟ್ಟಿದೆ. "ನಿಮ್ಮ ಹಿಟ್ಟಿನಂಥ ಹಿಟ್ಟನ್ನೇ ಹಾಕಿದ್ದೆ, ತಗೊಳ್ಳಿ," ಎಂದು ರೇಗಿದ್ದೂ ಉಂಟು.

ಇಲ್ಲಿ ಡಬ್ಬವಿರಲಿಲ್ಲ, ಜಗಳವಿರಲಿಲ್ಲ. ಬಾಗಿಲು ಮುಚ್ಚಿತ್ತು. ಕಿಟಕಿಯ ಮೂಲೆಯಲ್ಲಿ ಜೇಡರ ಬಲೆ ಕಟ್ಟಿತ್ತು. ಬಲೆ ಕಪ್ಪಗಿತ್ತು. ಬೀಸುವ ಗಿರಣಿಯಲ್ಲಿ ಜೇಡನ ಬಲೆ ಕೂಡ ಹಿಟ್ಟು ಕೂತು ಬೆಳ್ಳಗಿರುತ್ತದೆ. ಆದರೂ ಆಸೆ ಬಿಡಲಿಲ್ಲ, ಬಾಗಿಲು ತಟ್ಟಿದೆ.

"ಹಲೋ?" ಎಂದು ಹಿಂದಿನಿಂದ ಯಾರೋ ಅಂದರು.

ನಾಯಿ ಹಿಡಿದುಕೊಂಡ ಒಬ್ಬರು ಉದ್ದನೆಯ ಮುದುಕರು. ಹತ್ತಿರದ ಬೀದಿಯವರಂತೆ, ನಿವೃತ್ತ ಮೇಷ್ಟರಂತೆ. ಯಾವತ್ತಾದರೂ ರೆಕ್ಕೆ ತಿರುಗೀತೆಂದು ದಿನಾ ನೋಡಿಕೊಂಡು ಹೋಗುತ್ತಾರಂತೆ. ಇದೆಲ್ಲ ಆಮೇಲೆ ಕಿರಣ ಓಡಿ ಬಂದು ಕನ್ನಡ ಮಾಡಿ ಹೇಳಿದ್ದು. ಆ ಹೊತ್ತಿಗೆ ನಾನು ಡಬ್ಬಿ ಪಕ್ಕಕ್ಕಿಟ್ಟು, ಚೀಲದ ಬಾಯಿ ಬಿಚ್ಚಿ ಅವರಿಗೆ ತೋರಿಸಿಯಾಗಿತ್ತು. ಅವರು ನಾಲ್ಕು ಕಾಳು ಅಂಗೈಗೆ ಹಾಕಿಕೊಂಡು, ಹಕ್ಕಿಗಳಿಗೋ ಎಂದು ಕೇಳಿದರು.

"ದೊಡ್ಡಮ್ಮ!" ಎಂದ ಕಿರಣ. ಅವನ ಕಿವಿ ಕೆಂಪಾಗಿತ್ತು. "ಬೀಸಿಸಕ್ಕೆ ತಂದ್ರಾ? ಇಲ್ಲಿಗಾ?"

"ಗೋಧಿ ಬೀಸ್ತಿದ್ರು ಅಂದೋನು ನೀನೇ ತಾನೆ?"

"ಅದು ಹಾಲೆಂಡ್‌ನಲ್ಲಿ!"

"ಹಾಲೆಂಡ್ ಗಿರಣಿ ಇಲ್ಲಿಗೆ ಬಂದ್ರೆ ಬೀಸೋದು ಮರ್ತೋಯ್ತದಾ?"

ಕಿರಣ ಇದನ್ನು ಇಂಗ್ಲಿಷಿನಲ್ಲಿ ಮುದುಕರಿಗೆ ಹೇಳಿದ. ಅವರು ನಗಲಿಲ್ಲ, ಅದಕ್ಕೆ ನಾನು ಅವರನ್ನು ಮೆಚ್ಚಿದೆ. ಟೋಪಿ ತೆಗೆದು, ಕಿವಿ ಕೇಳದವರಿಗೆ ಹೇಳುವ ಹಾಗೆ ನಿಧಾನವಾಗಿ, ಜೋರಾಗಿ ಕಥೆ ಹೇಳಿದರು.

ಈ ಪಾರ್ಕು ಇರುವ ಜಾಗ ಮೊದಲು ಬರೀ ಮರಳು ದಿಬ್ಬವಂತೆ. ಮರಳಿನ ಮೇಲೆ ಗಿಡ ನೆಟ್ಟರೆ ನೀರು ಬೇಕು. ಕೊಂಡು ತಂದರೆ ದುಡ್ಡು ಸಾಲದು. ಅದೃಷ್ಟಕ್ಕೆ ಸಮುದ್ರದ ಪಕ್ಕದಲ್ಲೇ, ಮರಳಿನ ಕೆಳಗೆ ಸಿಹಿನೀರಿತ್ತು. ಗಾಳಿಯಂತೂ ಪುಕ್ಕಟೆ. ಹಾಗಾಗಿ ನೂರು ವರ್ಷಕ್ಕೂ ಹಿಂದೆ ಹಾಲೆಂಡಿನ ಮಾದರಿಯಲ್ಲಿ ಎರಡು ಗಿರಣಿ ಕಟ್ಟಿ, ನೀರನ್ನು ಮೇಲೆತ್ತಿ ಗಿಡಗಳಿಗೆ ಹರಿಸಿದರು. ಇವುಗಳ ಹೊಟ್ಟೆಯಲ್ಲಿ ಬೀಸುವ ಕಲ್ಲು ಎಂಬುದು ಯಾವ ಕಾಲದಲ್ಲೂ ಇರಲಿಲ್ಲ.

"ಅಂದ್ರೆ ಪಂಪ್‌ಸೆಟ್ಟು," ಎಂದೆ.

"ಒಂಥರಾ ಹೌದು," ಎಂದ ಕಿರಣ.

"ಪಂಪ್‌ಸೆಟ್ಟಿಗೆ ಇಷ್ಟು ದೊಡ್ಡ ಟೋಪಿ ಯಾಕಂತೆ, ಕೇಳು."

ಅದರದೇ ಒಂದು ಕಥೆಯಿತ್ತು. ಗಿರಣಿ ಕಟ್ಟಿ ಹೆಚ್ಚು ವರ್ಷವಾಗಿರಲಿಲ್ಲ, ಕರೆಂಟಿನ ಮೋಟಾರು ಬಂತು. ಗುಂಡಿ ಒತ್ತಿದರೆ ನೀರು ಬರುವಾಗ ಗಾಳಿಯನ್ನು ಕಾಯುವವರು ಯಾರು? ಎರಡೂ ಮೂಲೆಗುಂಪಾದವು. ಉಪ್ಪುಗಾಳಿಗೆ ಮರ ಕೊಳೆಯಿತು, ರೆಕ್ಕೆ ಮುರಿದು ಬಿತ್ತು. ಉತ್ತರದ್ದರ ಕಬ್ಬಿಣವನ್ನು ಯುದ್ಧದ ಕಾಲದಲ್ಲಿ ಗುಜರಿಗೆ ಕಿತ್ತೊಯ್ದರು. ಆಮೇಲೆ ಎಷ್ಟೋ ವರ್ಷಕ್ಕೆ ಊರಿನವರೇ ಕೆಲವರು ಹಟ ಹಿಡಿದು ಅದನ್ನು ಸರಿಮಾಡಿಸಿದರು. ಅದಾದ ಮೇಲೆ ಈ ದಕ್ಷಿಣದ್ದರ ಸರದಿ. ಇದರ ತಾಮ್ರದ ಟೋಪಿಯನ್ನು ಇಳಿಸಿ, ಹಡಗಿನಲ್ಲಿ ಹಾಲೆಂಡಿಗೇ ಕಳಿಸಿದರಂತೆ. ಅಲ್ಲಿಯ ಕೆಲಸಗಾರರು ರಿಪೇರಿ ಮಾಡಿ ವಾಪಸು ಕಳಿಸಿದರು. ಟೋಪಿ ಬಂತು, ಆದರೆ ತಲೆ ಸಿದ್ಧವಿರಲಿಲ್ಲ. ಗೋಪುರದ ಕೆಲಸ ಮುಗಿಯುವವರೆಗೆ ಅದು ವರ್ಷಗಟ್ಟಲೆ ಕಾದು, ಕೊನೆಗೆ ತಲೆ ಮೇಲೆ ಕೂತಿತು.

ಟೋಪಿಗೆ ಹಾಲೆಂಡಿಗೆ ಹೋಗಿ ಬರಲು ವೀಸಾ ಸಿಕ್ಕಿತು, ನನ್ನ ತಂಗಿಗೆ ಮೊಮ್ಮಗಳನ್ನು ನೋಡಲು ಸಿಗಲಿಲ್ಲ. ಇದನ್ನು ಕಿರಣನಿಗೆ ಹೇಳಿದೆ. ಅವನು ಅದನ್ನು ಇಂಗ್ಲಿಷಿಗೆ ಮಾಡಲಿಲ್ಲ.

"ಈಗ ನೀರೆತ್ತುತ್ತಾ?" ಎಂದು ಕಿರಣನಿಂದ ಕೇಳಿಸಿದೆ.

"ಇಲ್ವಂತೆ."

"ಬೀಸಲ್ಲ, ನೀರೆತ್ತಲ್ಲ. ಮತ್ತೆ ಇಷ್ಟು ಕಷ್ಟಪಟ್ಟು ಕಟ್ಟಿದ್ಯಾಕೆ?"

ಮುದುಕರು ಸುತ್ತಲ ಮರಗಳ ಕಡೆ ಕೈ ತೋರಿಸಿದರು. ಆಮೇಲೆ ಹೇಳಿದ್ದನ್ನು ಕಿರಣ ಹೀಗೆ ಹೇಳಿದ: "ಈ ಮರಗಳಿಗೆಲ್ಲ ಮೊದಲು ನೀರು ಕುಡಿಸಿದ್ದು ಅದು. ಅದು ಬಿದ್ದಿರೋದನ್ನ ನೋಡಕ್ಕೆ ನಮಗೆ ಆಗ್ತಿರಲಿಲ್ಲ ಅಂತಿದ್ದಾರೆ, ದೊಡ್ಡಮ್ಮ."

ನಮ್ಮ ಗಿರಣಿಯೂ ಮೊದಲು ಡೀಸೆಲ್ ಇಂಜಿನ್ನಿನಲ್ಲೇ ಓಡುತ್ತಿತ್ತು. ಮೋಟಾರು ಬಂದ ಮೇಲೆ ಇಂಜಿನ್ನು ಹಿತ್ತಲ ಕೋಣೆ ಸೇರಿತು. ನಮ್ಮ ಮಾವನವರು ಇರುವಷ್ಟು ದಿನ ಶುಕ್ರವಾರ ಶುಕ್ರವಾರ ಅದಕ್ಕೆ ಎಣ್ಣೆ ಬಿಟ್ಟು, ಒರೆಸಿ, ಕುಂಕುಮ ಇಟ್ಟು, ಕೈಯಲ್ಲೇ ಒಂದು ಸುತ್ತು ತಿರುಗಿಸಿ ಬರುತ್ತಿದ್ದರು. ಯಾಕೆ ಎಂದರೆ, "ಅನ್ನ ಹಾಕೈತೆ ಕಣವ್ವ," ಎನ್ನುತ್ತಿದ್ದರು. ನಾವು ಮುಖ ಮುಖ ನೋಡಿಕೊಂಡು ನಗುತ್ತಿದ್ದೆವು. ಅವರು ಹೋದ ಮೇಲೆ ಇಂಜಿನ್ನು ಗುಜರಿಗೆ ಹೋಯಿತು. ಮೆಣಸಿನಕಾಯಿ ಮೆಷಿನ್ನಿಗೆ ಜಾಗ ಬೇಕಿತ್ತು, ತಪ್ಪೇನಿಲ್ಲ. ಆದರೂ ಸಮುದ್ರದಾಚೆ, ಯಾವುದೋ ಊರಿನ ಚಳಿಯಲ್ಲಿ ಮಾವನವರ ಎಣ್ಣೆ ಕೈ ನೆನಪಾಯಿತು. ಇಲ್ಲಿ ಊರಿಗೆ ಊರೇ ಸೇರಿ ಮಾವನವರ ಕೆಲಸ ಮಾಡಿದೆ.

ಮುದುಕರಿಗೆ ಮೊಸರನ್ನ ಕೊಟ್ಟೆ. ಒಗ್ಗರಣೆಯ ಮೆಣಸಿನಕಾಯಿ ಕಚ್ಚಿ ಕಣ್ಣಲ್ಲಿ ನೀರು ತಂದುಕೊಂಡು, ಬಹಳ ಚೆನ್ನಾಗಿದೆ ಎಂದರು. ರಾಗಿ ಹೇಗೆ ತಂದಿದ್ದೆನೋ ಹಾಗೇ ಇತ್ತು.

ವಾಪಸಾಗುವಾಗ ಕಾರಿನಲ್ಲಿ ರಾಗಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಗಿರಣಿಯವಳು ಎಂಬ ಜಂಬ ಹೊತ್ತು ಬಂದು, ಕೊನೆಗೆ ಪ್ಯಾಕೆಟ್ ಹಿಟ್ಟು ಕದಡಿ ಕುಡಿಸುವ ಗತಿ ಬಂತಲ್ಲ, ತಂಗಿಗೆ ಯಾವ ಮುಖದಲ್ಲಿ ಹೇಳಲಿ ಎಂದು ಅಳು ಬಂತು. ದಿವ್ಯಾ ಹಿಂದಿನಿಂದ ಭುಜ ಒತ್ತಿದಳು. "ಬಿಡಿ ದೊಡ್ಡಮ್ಮ, ಪಾಪುಗೆ ಏನ್ ಗೊತ್ತಾಗತ್ತೆ?" ಎಂದಳು. ಸಮಾಧಾನಕ್ಕೆ ಹೇಳಿದ ಮಾತು, ನನಗೆ ಇನ್ನಷ್ಟು ಚುಚ್ಚಿತು.

ಯೂನಿಯನ್ ಸಿಟಿ: ಕೆಳಗಿನ ಮನೆ

ಮೆಟ್ಟಿಲ ಬಳಿ ಮಾರ್ತಾ ಹೂಕುಂಡಕ್ಕೆ ನೀರು ಹಾಕುತ್ತಿದ್ದಳು. ನನ್ನ ಊದಿದ ಮುಖ ನೋಡಿ ಏನಾಯಿತೆಂದು ಸನ್ನೆಯಲ್ಲೇ ಕೇಳಿದಳು. ಅವಳ ಸ್ಪ್ಯಾನಿಷ್ ಭಾಷೆಯನ್ನು ಕಿರಣ ಶಾಲೆಯಲ್ಲೇನೂ ಕಲಿತಿಲ್ಲ, ಆಫೀಸಿನಲ್ಲಿ ಕಿವಿಗೆ ಬಿದ್ದ ಹತ್ತು ಪದ ಬರುತ್ತವೆ. ಅದಕ್ಕೆ ಇಂಗ್ಲಿಷು ಬೆರೆಸಿ, ಎರಡೂ ಕೈಯನ್ನು ರೆಕ್ಕೆಯ ಹಾಗೆ ತಿರುಗಿಸಿ, ನನ್ನ ಚೀಲ ತೋರಿಸಿ ನಡೆದದ್ದನ್ನು ಹೇಳಿದ.

ಮಾರ್ತಾ ನಕ್ಕಳು. ಎಂಥ ನಗು ಎನ್ನುತ್ತೀರಿ? ಗೋಡೆ ಹಿಡಿದುಕೊಂಡು, ಹೊಟ್ಟೆ ಹಿಡಿದುಕೊಂಡು, ಕಣ್ಣೊರೆಸಿಕೊಂಡು ನಕ್ಕಳು. ನನಗೆ ಮೈ ಉರಿಯಿತು. ಮೆಟ್ಟಿಲು ಹತ್ತಲು ಹೋದೆ, ಅವಳು ತಡಿ ಎನ್ನುವಂತೆ ನನ್ನ ಮೊಣಕೈ ಹಿಡಿದು ನಿಲ್ಲಿಸಿ ಒಳಗೆ ಹೋದಳು. ಬಂದಾಗ ಅವಳ ಕೈಯಲ್ಲಿ ಕಬ್ಬಿಣದ ಒಂದು ಯಂತ್ರವಿತ್ತು. ಮೇಲೆ ಕಾಳು ಸುರಿಯುವ ಬಾಯಿ, ಪಕ್ಕದಲ್ಲಿ ತಿರುಗಿಸುವ ಹಿಡಿ, ಕೆಳಗೆ ಮೇಜಿಗೆ ಬಿಗಿಯುವ ತಿರುಪು.

ಗಿರಣಿ. ಮೊಣಕೈ ಉದ್ದದ ಗಿರಣಿ. ನಾನು ಅದನ್ನು ಅವಳ ಕೈಯಿಂದ ಹೆಚ್ಚುಕಡಿಮೆ ಕಿತ್ತುಕೊಂಡೆ.

ದಿವ್ಯಾಳ ಮೇಜು ಗಾಜಿನದು, ತಿರುಪು ಬಿಗಿದರೆ ಅದೂ ಹೋಗುತ್ತಿತ್ತು. ಹಾಗಾಗಿ ಎಲ್ಲರೂ ಮಾರ್ತಾಳ ಅಡುಗೆಮನೆಗೆ ಹೋದೆವು. ಅವಳದು ಹಳೆಯ ಮರದ ಮೇಜು, ಅಂಚಿನಲ್ಲಿ ತಿರುಪು ಕಚ್ಚಿ ಕಚ್ಚಿ ಆದ ಗಾಯವಿತ್ತು. ಅದೇ ಜಾಗಕ್ಕೆ ಯಂತ್ರ ಕೂತಿತು. ನಾನು ಚೀಲ ಬಿಚ್ಚಿ, ಮೊದಲ ಹಿಡಿ ಸುರಿಯಲು ಕೈ ಎತ್ತಿದೆ. ಎತ್ತಿದ ಕೈ ನಿಂತಿತು. ಬಾಯಿ ತಾನಾಗಿ ತೆರೆಯಿತು.

"ಕೇಳೇ ದಿವ್ಯಾ, ಮುಂಚೆ ಏನ್ ಹಾಕಿದ್ರಂತೆ?"

ಹೇಳಿ ಮುಗಿಸಿದ ಮೇಲೆ ನನ್ನ ಕಿವಿಗೇ ಕೇಳಿಸಿತು. ಮಂಡ್ಯದ ಗಿರಾಕಿಗಳೆಲ್ಲ ಸಾಲಾಗಿ ನಿಂತು ನನ್ನನ್ನೇ ನೋಡಿದಂತಾಯಿತು.

ಮಾರ್ತಾ ಒಂದು ಡಬ್ಬಿ ತೆರೆದು ಮೆಕ್ಕೆಜೋಳ ತೋರಿಸಿದಳು. ಆ ಪ್ರಶ್ನೆ ಅವಳಿಗೆ ಹೊಸದಲ್ಲ ಎಂದು ಕಾಣುತ್ತದೆ. ನಾನು ಹೇಳುವ ಮುಂಚೆಯೇ ಒಂದು ಪುಟ್ಟ ಬಟ್ಟಲನ್ನು ಹಿಟ್ಟು ಉದುರುವ ಕಡೆ ಹಿಡಿದು, ಮೊದಲು ಬಿದ್ದ ಹಿಡಿ ಹಿಟ್ಟನ್ನು ಬೇರೆ ಇಟ್ಟಳು. ಆಮೇಲೆ ದೊಡ್ಡ ತಟ್ಟೆ ಇಟ್ಟಳು. ಒಬ್ಬರಿಗೆ ಕೈ ಸೋತರೆ ಇನ್ನೊಬ್ಬರು ತಿರುಗಿಸಿದೆವು. ಮೊದಲ ಸಲ ತರಿತರಿಯಾಗಿತ್ತು, ಮತ್ತೆ ಹಾಕಿದೆವು, ಮತ್ತೆ ಹಾಕಿದೆವು. ಅವಳು ಸ್ಪ್ಯಾನಿಷ್‌ನಲ್ಲಿ ಏನೋ ಹೇಳುತ್ತಲೇ ಇದ್ದಳು, ನಾನು ಕನ್ನಡದಲ್ಲಿ ನಮ್ಮ ಯಜಮಾನರನ್ನು ಬೈಯುತ್ತಲೇ ಇದ್ದೆ. ಮಗುವಿನ ತೆಳು ಬಟ್ಟೆಯಲ್ಲಿ ಹಿಟ್ಟು ಸೋಸಿದಾಗ ಅವಳ ಅಡುಗೆಮನೆಯ ಗಾಳಿಯೆಲ್ಲ ರಾಗಿ ಘಮಘಮ ಎಂದಿತು. ಇಬ್ಬರ ಹುಬ್ಬಿನ ಮೇಲೂ ಹಿಟ್ಟು ಕೂತಿತ್ತು.

ಭಾನುವಾರ ಬೆಳಿಗ್ಗೆ ಮಗುವಿನ ನಾಲಿಗೆಗೆ ಪಾಯಸ ಮುಟ್ಟಿಸಿದೆವು, ಉಗುಳಿತು. ಆಮೇಲೆ ಸರಿ. ಮೊದಲ ಚಮಚಕ್ಕೆ ಮುಖ ಕಿವುಚಿತು. ಫೋನಿನ ಆಚೆ ವಿಮಲ ಉಸಿರು ಬಿಗಿಹಿಡಿದಿದ್ದಳು, ಈಚೆ ನಾನು. ಮಗು ಸ್ವಲ್ಪ ಯೋಚನೆ ಮಾಡಿ, ಬಾಯಿ ತೆರೆಯಿತು. ಬಟ್ಟಲು ಮುಗಿಯುವವರೆಗೆ ಮುಚ್ಚಲಿಲ್ಲ.

"ತಿಂತಲ್ಲಕ್ಕ," ಎಂದು ವಿಮಲ ಅತ್ತಳು. "ನೀನೇ ಬೀಸಿದ್ಯಾ?"

"ಇಬ್ರು ಬೀಸಿದ್ವಿ ಕಣೇ," ಎಂದು ಮಾರ್ತಾಳನ್ನು ಫೋನಿನ ಮುಂದೆ ಎಳೆದು ನಿಲ್ಲಿಸಿದೆ. ಅವಳು ವಿಮಲಳಿಗೆ ಕೈ ಬೀಸಿದಳು.

ಮರುದಿನ ಹೊಸ ಮಿಕ್ಸಿ ಬಂತು. ಪೆಟ್ಟಿಗೆ ಬಿಚ್ಚಲಿಲ್ಲ. ಅದಾಗಿ ಎರಡು ದಿನಕ್ಕೆ ಮಾರ್ತಾ ಮೆಕ್ಕೆಜೋಳದ ಬಿಸಿ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿ ಮೇಲೆ ತಂದುಕೊಟ್ಟಳು. ಕಿರಣ ಒಂದನ್ನು ಬೆಳಕಿಗೆ ಹಿಡಿದು ನೋಡಿದ. ಹಳದಿ ರೊಟ್ಟಿಯ ಮೈಮೇಲೆ ಅಲ್ಲಲ್ಲಿ ಕಂದು ಚುಕ್ಕೆ.

"ಇದೇನು ದೊಡ್ಡಮ್ಮ, ಚುಕ್ಕೆ ಚುಕ್ಕೆ ಇದೆ?"

"ಮುಂಚೆ ರಾಗಿ ಹಾಕಿದ್ರು," ಎಂದೆ.